ಸಂಘದ ಕಚೇರಿ ಯಾರಿಗಾಗಿ?

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷಗಳಲ್ಲಿ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಎರಡು ಬಗೆಯ ಕಟ್ಟಡಗಳು ಏಳುತ್ತವೆ. ಒಂದು ಮನೆ, ಇನ್ನೊಂದು ಸಹಕಾರಿ ಸಂಘದ ಕಚೇರಿ. ಮನೆ ಕಟ್ಟುವಾಗ ಒಲೆ ಎಲ್ಲಿ, ಅಟ್ಟ ಎಲ್ಲಿ, ಅಡಿಕೆ ಸುಲಿಯಲು ಜಾಗ ಎಲ್ಲಿ ಎಂದು ಹತ್ತು ಬಾರಿ ಯೋಚಿಸುತ್ತೇವೆ. ಸಂಘದ ಕಚೇರಿಯ ಮಾತು ಬಂದಾಗ ಮಾತ್ರ ಪೇಟೆಯ ಬ್ಯಾಂಕೊಂದನ್ನು ತೋರಿಸಿ ‘ಹಾಗೇ ಆಗಲಿ’ ಎಂದು ಠರಾವು ಮಾಡಿಬಿಡುತ್ತೇವೆ. ಗಾಜಿನ ಗೋಡೆ, ತೂಗುಛಾವಣಿ, ಹವಾನಿಯಂತ್ರಣ ಇವೇ ಆಧುನಿಕತೆಯ ಗುರುತು ಎಂಬ ಭಾವನೆ ಬೆಳೆದಿದೆ. ಹಣ ಸದಸ್ಯರದ್ದಾದ್ದರಿಂದ ಈ ವಿಷಯವನ್ನು ಸ್ವಲ್ಪ ವಿಚಾರ ಮಾಡುವುದು ಉಚಿತವೆಂದು ನಮಗೆ ತೋರಿತು.

ಗಾದಿಯಿಂದ ಕಂಪ್ಯೂಟರಿನವರೆಗೆ

ಹಿಂದಿನ ಮಂಡಿಗಳಲ್ಲಿ ಕಚೇರಿಯೆಂದರೆ ಒಂದು ಗಾದಿ, ಅದರ ಮುಂದೆ ಇಳಿಜಾರು ಡೆಸ್ಕು, ಪಕ್ಕದಲ್ಲಿ ಕಿರ್ದಿ ಖಾತೆಯ ಪುಸ್ತಕ. ಸಹಕಾರಿ ಚಳವಳಿ ಬಂದ ಮೇಲೆ ಈ ಚಿತ್ರ ಬದಲಾಯಿತು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸೇಲ್ ಸೊಸೈಟಿ ಆರಂಭವಾಯಿತು. ಇಲ್ಲಿ ಲೆಕ್ಕ ಬರೆಯುವವನು ಸಾಹುಕಾರನ ಆಳಲ್ಲ, ಸದಸ್ಯರ ನೌಕರ. ಕಚೇರಿಯ ರಚನೆಯಲ್ಲಿಯೂ ಈ ವ್ಯತ್ಯಾಸ ಕಾಣಬೇಕಾದದ್ದು ನ್ಯಾಯ.

ಈಗ ಮತ್ತೊಂದು ಬದಲಾವಣೆಯ ಕಾಲ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಸುಮಾರು 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಕಂಪ್ಯೂಟರ್ ಬಂದರೆ ಮೇಜು ಬದಲಾಗುತ್ತದೆ, ಮೇಜು ಬದಲಾದರೆ ಕೋಣೆ ಬದಲಾಗುತ್ತದೆ. ಆದ್ದರಿಂದ ಹೊರಗಿನ ಪ್ರಪಂಚ ಈ ವಿಷಯದಲ್ಲಿ ಏನು ಕಲಿತಿದೆ ಎಂಬುದನ್ನು ನೋಡೋಣ.

ಗೋಡೆ ಕೆಡವಿದರು, ಮತ್ತೆ ಎತ್ತಿದರು

1906ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಲಾರ್ಕಿನ್ ಎಂಬ ಸಾಬೂನು ಕಂಪನಿಗೆ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಒಂದು ಕಚೇರಿ ಕಟ್ಟಿದರು. ನಡುವೆ ಎತ್ತರದ ಅಂಗಳ, ಮೇಲಿನಿಂದ ಬೆಳಕು, ಕೆಳಗೆ ಸಾಲುಸಾಲು ಗುಮಾಸ್ತರು. ಎಲ್ಲರೂ ಮೇಲಧಿಕಾರಿಯ ಕಣ್ಣಿಗೆ ಕಾಣುವಂತೆ ಕೂತಿದ್ದರು. 1950ರ ದಶಕದ ಕೊನೆಯಲ್ಲಿ ಜರ್ಮನಿಯ ಶ್ನೆಲ್ಲೆ ಸಹೋದರರು ಸಾಲುಗಳನ್ನು ಮುರಿದು, ಕೆಲಸದ ಸಂಬಂಧಕ್ಕೆ ತಕ್ಕಂತೆ ಮೇಜುಗಳನ್ನು ಹರಡಿ, ನಡುವೆ ಗಿಡಗಳನ್ನಿಟ್ಟರು. ಮುಂದೆ ಅಮೆರಿಕದ ರಾಬರ್ಟ್ ಪ್ರಾಪ್‌ಸ್ಟ್, ನೌಕರ ತನಗೆ ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಅಡ್ಡಹಲಗೆಗಳ ವ್ಯವಸ್ಥೆಯನ್ನು 1968ರಲ್ಲಿ ಮಾರುಕಟ್ಟೆಗೆ ತಂದರು. ಕಂಪನಿಗಳು ಅದನ್ನೇ ಇಕ್ಕಟ್ಟಾದ ಗೂಡುಗಳಾಗಿ ಮಾಡಿ ಹೆಚ್ಚು ಜನರನ್ನು ತುಂಬಿದವು. ತಮ್ಮ ಕಲ್ಪನೆಗೆ ಬಂದ ಈ ಗತಿಗೆ ಕೊನೆಗಾಲದಲ್ಲಿ ಪ್ರಾಪ್‌ಸ್ಟ್ ಅವರೇ ನೊಂದುಕೊಂಡರು.

ಆಮೇಲೆ ಮತ್ತೆ ಗೋಡೆ ಕೆಡವಿ ತೆರೆದ ಹಾಲ್ ಮಾಡುವ ಪದ್ಧತಿ ಬಂತು. ಜನ ಹೆಚ್ಚು ಬೆರೆಯುತ್ತಾರೆ ಎಂಬುದು ಕಾರಣ. ಆದರೆ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಹೀಗೆ ಬದಲಾದ ಎರಡು ಕಂಪನಿಗಳಲ್ಲಿ ಅಳೆದು ನೋಡಿದಾಗ, ಮುಖಾಮುಖಿ ಮಾತುಕತೆ ಸುಮಾರು ಶೇಕಡಾ 70ರಷ್ಟು ಕಡಿಮೆಯಾಗಿದ್ದು 2018ರಲ್ಲಿ ಪ್ರಕಟವಾಯಿತು. ಎಲ್ಲರ ಕಿವಿಗೂ ಬೀಳುವ ಜಾಗದಲ್ಲಿ ಯಾರೂ ಮನಬಿಚ್ಚಿ ಮಾತಾಡುವುದಿಲ್ಲ. 2020ರ ಕೊರೊನಾ ಕಾಲದಲ್ಲಂತೂ ಕಚೇರಿಯೇ ನಮ್ಮ ಜಗಲಿಗೆ ಬಂತು. ಬೆಂಗಳೂರಿನಿಂದ ಊರಿಗೆ ಬಂದ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿ ಕೆಲಸ ಮಾಡಿದರು.

ಮಾತು ಕೇಳಿಸುವ ಕಚೇರಿ, ಮಾತಾಡಲಾಗದ ಸದಸ್ಯ

ಈ ಕಥೆಯಿಂದ ನಮಗೇನು ಎಂದು ಕೇಳಬಹುದು. ಎಕ್ಕಂಬಿ ಕಡೆಯ ಒಂದೆಕರೆ ತೋಟದ ಸದಸ್ಯರೊಬ್ಬರು ಸಂಘಕ್ಕೆ ಬರುತ್ತಾರೆಂದು ಭಾವಿಸಿ. ಕೊಳೆ ರೋಗಕ್ಕೆ ಫಸಲು ಉದುರಿದೆ, ಬೆಳೆಸಾಲದ ವಾಯಿದೆ ಹತ್ತಿರವಾಗಿದೆ. ಎದೆಮಟ್ಟದ ಕೌಂಟರ್, ಮಧ್ಯೆ ಗಾಜು, ಗಾಜಿನಲ್ಲಿ ಒಂದು ತೂತು. ಹಿಂದೆ ಸರದಿಯಲ್ಲಿ ನೆಂಟರು, ನೆರೆಯವರು. ಅವರ ಎದುರಿಗೆ ‘ಕಂತು ಕಟ್ಟಲಾಗುವುದಿಲ್ಲ, ಏನು ಮಾಡಲಿ?’ ಎಂದು ಗಟ್ಟಿಯಾಗಿ ಹೇಳುವುದು ಹೇಗೆ? ಹೇಳದೆ ತಿರುಗಿ ಹೋಗುತ್ತಾರೆ. ವಾಯಿದೆ ಮೀರುತ್ತದೆ, ಬಡ್ಡಿಯ ರಿಯಾಯಿತಿ ತಪ್ಪುತ್ತದೆ, ಕೊನೆಗೆ ಕೈಸಾಲಕ್ಕೆ ಕೈಚಾಚುವ ಪ್ರಸಂಗ ಬರುತ್ತದೆ. ಕೈಸಾಲದಿಂದ ಬಿಡಿಸಲೆಂದೇ ಹುಟ್ಟಿದ ಸಂಘಕ್ಕೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಹೊಸ ಕಟ್ಟಡದ ವೆಚ್ಚದಲ್ಲಿ ಒಂದು ಅಲ್ಪಾಂಶದಿಂದ, ಬಾಗಿಲು ಮುಚ್ಚಬಹುದಾದ ಒಂದು ಸಣ್ಣ ಕೋಣೆ, ಮೂರು ಕುರ್ಚಿ ಇಟ್ಟರೆ ಇದು ತಪ್ಪುತ್ತದೆ.

ನಕ್ಷೆಗೆ ಮುನ್ನ ನೋಡಬೇಕಾದದ್ದು

ಜಗಲಿ: ಮಳೆಗಾಲದಲ್ಲಿ ಸದಸ್ಯರು ಒದ್ದೆ ಕೊಡೆ, ಕೆಸರಿನ ಕಾಲಿನಿಂದ ಬರುತ್ತಾರೆ. ಅಗಲ ಸೂರಿನ ಜಗಲಿ, ಕಾಲು ತೊಳೆಯಲು ನೀರು, ಕೂರಲು ಕಟ್ಟೆ ಇರಲಿ. ಧಾರಣೆಯ ಫಲಕವೂ ಅಲ್ಲೇ ಇರಲಿ.

ಕೌಂಟರ್: ಒಂದಾದರೂ ಕೌಂಟರ್ ಕೂತು ಮಾತಾಡುವ ಎತ್ತರದ್ದಾಗಲಿ, ಸುಮಾರು ಎರಡೂವರೆ ಅಡಿ. ಪಹಣಿಯನ್ನು ಇಬ್ಬರೂ ಒಟ್ಟಿಗೆ ನೋಡಬಹುದು.

ಇಳಿಜಾರು: ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ದಾರಿ ಬೇಕು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ನಿಯಮ. ಗಾಲಿಕುರ್ಚಿಗಷ್ಟೇ ಅಲ್ಲ, ಮಂಡಿ ನೋವಿನ ಹಿರಿಯರಿಗೂ ಅದು ಉಪಯುಕ್ತ.

ಬೆಳಕು, ಗಾಳಿ: ಪಶ್ಚಿಮಕ್ಕೆ ಮುಖಮಾಡಿದ ಗಾಜಿನ ಗೋಡೆ ಬೇಸಿಗೆಯ ಮಧ್ಯಾಹ್ನ ಕಚೇರಿಯನ್ನು ಕಾಯಿಸುತ್ತದೆ, ಆಮೇಲೆ ತಂಪಿಗೆ ವಿದ್ಯುತ್ ಬಿಲ್ ಕಟ್ಟಬೇಕು. ಕಂಪ್ಯೂಟರ್ ಪರದೆಯನ್ನು ಕಿಟಕಿಗೆ ಅಡ್ಡವಾಗಿ, ಅಂದರೆ ಬೆಳಕು ಪಕ್ಕದಿಂದ ಬರುವಂತೆ, ಕಣ್ಣಿನ ಮಟ್ಟದಲ್ಲಿಟ್ಟರೆ ನೌಕರರ ಕಣ್ಣು ಕುತ್ತಿಗೆಗಳಿಗೆ ಹಿತ.

ದಾಖಲೆ: ತೂಗುಛಾವಣಿ ಮಾಡಿನ ಸೋರಿಕೆಯನ್ನು ಮುಚ್ಚಿಡುತ್ತದೆ, ಇಲಿಗೆ ಮನೆಯಾಗುತ್ತದೆ. ಕಡತಗಳ ಕಪಾಟು ಗೋಡೆಯಿಂದ ಗೇಣು ದೂರ, ನೆಲದಿಂದ ಮೇಲೆ ಇದ್ದರೆ ತೇವ, ವರಲೆಗಳ ಕಾಟ ಬೇಗ ಕಣ್ಣಿಗೆ ಬೀಳುತ್ತದೆ. ಕರೆಂಟ್ ಹೋದಾಗ ನೆರವಾಗುವ ಬ್ಯಾಟರಿಗಳಿಗೆ ಗಾಳಿಯಾಡುವ ಪ್ರತ್ಯೇಕ ಜಾಗ ಬೇಕು.

ಇವು ಯಾವುವೂ ದುಬಾರಿಯಲ್ಲ, ನಕ್ಷೆ ಕಾಗದದ ಮೇಲಿರುವಾಗಲೇ ಹೇಳಬೇಕು ಅಷ್ಟೆ. ಗೋಡೆ ಎದ್ದ ಮೇಲೆ ಆಕ್ಷೇಪಿಸಿ ಫಲವಿಲ್ಲ. ನಿಮ್ಮ ಸಂಘದಲ್ಲಿ ಕಟ್ಟಡದ ಪ್ರಸ್ತಾಪವಿದ್ದರೆ, ನಕ್ಷೆಯನ್ನು ಸರ್ವಸಾಧಾರಣ ಸಭೆಗೆ ಮೊದಲೇ ಜಗಲಿಯಲ್ಲಿ ತೂಗುಹಾಕುವಂತೆ ಆಡಳಿತ ಮಂಡಳಿಯನ್ನು ಕೇಳಿ. ಸಭೆಯಲ್ಲಿ ಕಟ್ಟಡದ ಅಂದಾಜು ಪಟ್ಟಿ ಓದುವಾಗ ಎದ್ದು ನಿಂತು ವಿಚಾರಿಸಿ: ಸಾಲದ ಕಷ್ಟ ಹೇಳಿಕೊಳ್ಳಲು ಸದಸ್ಯ ಎಲ್ಲಿ ಕೂರಬೇಕು?