ಒಲೆಯ ಕಾರ್ಖಾನೆಗೆ ಹೊಸ ಒಕ್ಕಲು

ಅಮೆರಿಕದ ಟೆನೆಸೀ ಸಂಸ್ಥಾನದಲ್ಲಿ, ಮಿಸಿಸಿಪ್ಪಿ ಮಹಾನದಿಯ ದಂಡೆಯ ಮೇಲೆ ಮೆಂಫಿಸ್ ಎಂಬ ನಗರವುಂಟು. ಅದರ ನೈರುತ್ಯ ಭಾಗದಲ್ಲಿ ಅಡುಗೆಯ ಒಲೆಗಳನ್ನು ತಯಾರಿಸುವುದಕ್ಕೆಂದು ಸ್ವೀಡನ್ ದೇಶದ ಎಲೆಕ್ಟ್ರೊಲಕ್ಸ್ ಸಂಸ್ಥೆಯು ಒಂದು ವಿಶಾಲವಾದ ಕಾರ್ಖಾನೆಯನ್ನು ಕಟ್ಟಿಸಿತ್ತು. ಏಳು ಲಕ್ಷ ಎಂಬತ್ತೈದು ಸಾವಿರ ಚದರಡಿಯ ಕಟ್ಟಡ. ಊರಿನ ಜನಕ್ಕೆ ಉದ್ಯೋಗ ದೊರೆತೀತೆಂಬ ಆಸೆಯಿಂದ ಸಂಸ್ಥಾನದ ಸರಕಾರವೂ ಸ್ಥಳೀಯ ಆಡಳಿತಗಳೂ ಸೇರಿ ಸುಮಾರು 19 ಕೋಟಿ ಡಾಲರುಗಳ ನೆರವನ್ನು ಧಾರೆಯೆರೆದಿದ್ದವು. ಆದರೆ ಆ ಒಲೆಗಳು ಬಹುಕಾಲ ಉರಿಯಲಿಲ್ಲ. 2019ರ ಜನವರಿಯಲ್ಲಿ ಸಂಸ್ಥೆಯು ಕಾರ್ಖಾನೆಯನ್ನು ಮುಚ್ಚುವುದಾಗಿ ಸಾರಿತು. ಐನೂರಕ್ಕೂ ಮಿಕ್ಕ ಕೆಲಸಗಾರರು ಬೇರೆ ದಾರಿ ಹುಡುಕಬೇಕಾಯಿತು. 2022ರ ಹೊತ್ತಿಗೆ ಯಂತ್ರಗಳ ಸದ್ದು ಪೂರ್ತಿ ಅಡಗಿತು.

ಬರಿದಾದ ಈ ಮನೆಗೆ 2024ರಲ್ಲಿ ಹೊಸ ಒಕ್ಕಲು ಬಂದಿತು. ಧನಿಕೋದ್ಯಮಿ ಈಲಾನ್ ಮಸ್ಕ್ ಅವರ ಎಕ್ಸ್‌ಎಐ ಸಂಸ್ಥೆ ಅಲ್ಲಿ ತನ್ನ ಮಹಾಗಣಕವನ್ನು ನೆಲೆಗೊಳಿಸಿತು. ಅದಕ್ಕೆ ಇಟ್ಟ ಹೆಸರು ಕೊಲೋಸಸ್. ಮನುಷ್ಯನಂತೆ ಪ್ರಶ್ನೆಗೆ ಉತ್ತರ ಕೊಡುವ, ಪ್ರಬಂಧ ಬರೆಯುವ, ಚಿತ್ರ ಬಿಡಿಸುವ ಕೃತಕ ಬುದ್ಧಿಗೆ ಪಾಠ ಕಲಿಸುವ ಗರಡಿಮನೆ ಅದು. ಒಂದು ಲಕ್ಷ ಗಣನ ಚಿಪ್ಪುಗಳು 122 ದಿನಗಳಲ್ಲಿ ಅಲ್ಲಿ ಕೆಲಸಕ್ಕೆ ನಿಂತವು. ಮುಂದಿನ 92 ದಿನಗಳಲ್ಲಿ ಆ ಸಂಖ್ಯೆ ಎರಡು ಲಕ್ಷಕ್ಕೇರಿತು ಎಂದು ಸಂಸ್ಥೆ ಹೇಳಿಕೊಂಡಿದೆ.

ಹಣಕ್ಕೆ ಕೊರತೆಯಿಲ್ಲದವರು ಹೊಸದಾಗಿ ಕಟ್ಟಿಸದೆ ಹಳೆಯ ಕಾರ್ಖಾನೆಯನ್ನೇಕೆ ಆರಿಸಿದರು? ಉತ್ತರ ಸರಳವಾಗಿದೆ. ಇಂಥ ಕೇಂದ್ರವೊಂದನ್ನು ಕಟ್ಟಲು 18ರಿಂದ 24 ತಿಂಗಳು ಬೇಕೆಂದು ಬಲ್ಲವರು ತಿಳಿಸಿದ್ದಾಗಿ ಮಸ್ಕ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಪ್ರತಿಸ್ಪರ್ಧಿಗಳು ಮುಂದೋಡುತ್ತಿರುವಾಗ ಅಷ್ಟು ಕಾಲ ಕಾಯುವ ವ್ಯವಧಾನ ಅವರಿಗಿರಲಿಲ್ಲ. ಗೋಡೆ, ಮಾಡು, ನೆಲ ಸಿದ್ಧವಾಗಿರುವ ಕಡೆ ಯಂತ್ರಗಳನ್ನು ತಂದಿರಿಸುವುದಷ್ಟೇ ಉಳಿದ ಕೆಲಸ.

ಹಾಗೆಂದ ಮಾತ್ರಕ್ಕೆ ಕಂಡ ಕಂಡ ಕಟ್ಟಡವೆಲ್ಲ ಈ ಕೆಲಸಕ್ಕೆ ಒದಗುವುದೆಂದು ಭಾವಿಸಬಾರದು. ಕೋವಿಡ್ ಪಿಡುಗಿನ ಅನಂತರ ಅಮೆರಿಕದ ಎಷ್ಟೋ ಕಚೇರಿ ಗೋಪುರಗಳು ಖಾಲಿ ಬಿದ್ದಿವೆ. ಅವುಗಳ ಒಡೆಯರು ಗಣಕಗಳತ್ತ ಆಸೆಗಣ್ಣಿನಿಂದ ನೋಡುವುದು ಸಹಜವೇ. ಆದರೆ ಮೇಜು, ಕುರ್ಚಿ, ಗುಮಾಸ್ತರು—ಇಷ್ಟನ್ನೇ ಹೊರಲು ಕಟ್ಟಿದ ಮಹಡಿ ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 240 ಕಿಲೋಗ್ರಾಂ ಭಾರವನ್ನು ತಾಳಬಲ್ಲುದು. ಇಂದಿನ ಕೃತಕ ಬುದ್ಧಿಯ ಯಂತ್ರಗಳಲ್ಲಿ ಹೆಸರಾದ ಎನ್‌ವಿಡಿಯಾ ಸಂಸ್ಥೆಯ 72 ಚಿಪ್ಪುಗಳ ಒಂದು ಕಪಾಟು ನೋಡುವುದಕ್ಕೆ ಮನೆಯ ಬೀರುವಿನಷ್ಟಿದ್ದರೂ ಅದರ ತೂಕ ಹೆಚ್ಚುಕಡಿಮೆ 1,360 ಕಿಲೋಗ್ರಾಂ. ಸುತ್ತಲೂ ಓಡಾಡುವ ಜಾಗವನ್ನು ಸೇರಿಸಿ ಒಂದೊಂದಕ್ಕೆ ಎರಡು ಚದರ ಮೀಟರ್ ಹಿಡಿದರೂ ನೆಲದ ಮೇಲೆ ಬೀಳುವ ಹೊರೆ ಚದರ ಮೀಟರಿಗೆ 680 ಕಿಲೋಗ್ರಾಂ ಆಗುತ್ತದೆ. ಇದರ ಮೇಲೆ ಕಾವಿನ ಕಾಟ ಬೇರೆ. ಅಂಥ ಒಂದು ಕಪಾಟು ಸುಮಾರು 120 ಕಿಲೋವಾಟ್ ವಿದ್ಯುತ್ತನ್ನು ಸೆಳೆಯುತ್ತದೆ; ಸೆಳೆದುದೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಬಚ್ಚಲುಮನೆಯ ಅರುವತ್ತು ಗೀಸರುಗಳನ್ನು ಒಂದು ಬೀರುವಿನೊಳಗೆ ತುಂಬಿ ಹಗಲಿರುಳು ಉರಿಸಿದಂತೆ! ಬೀಸಣಿಗೆಯ ಗಾಳಿಗೆ ಈ ಶಾಖ ಬಗ್ಗುವುದಿಲ್ಲ. ಚಿಪ್ಪಿನ ಬೆನ್ನಿಗೇ ತಂಪು ದ್ರವದ ಕೊಳವೆಗಳನ್ನು ಹಾಯಿಸಬೇಕು. ತಗ್ಗು ಮಾಳಿಗೆಯ ಕಚೇರಿಯಲ್ಲಿ ಆ ಕೊಳವೆಗಳಿಗೆ ದಾರಿ ಎಲ್ಲಿ?

ಆದುದರಿಂದ ಗಣಕಗಳಿಗೆ ಒಗ್ಗಿದ ಹಳೆಯ ಕಟ್ಟಡಗಳನ್ನು ಗಮನಿಸಿದರೆ, ಅವುಗಳಲ್ಲಿ ಬಹಳಷ್ಟು ಹಿಂದೆ ಭಾರೀ ಯಂತ್ರಗಳನ್ನು ಹೊತ್ತವೇ ಆಗಿವೆ. ಪತ್ರಿಕೆ ಓದುವವರಿಗೆ ವಿಶೇಷವಾಗಿ ಹಿಡಿಸಬಹುದಾದ ನಿದರ್ಶನ ಚಿಕಾಗೋ ನಗರದಲ್ಲಿದೆ. ಅಲ್ಲಿನ ಈಸ್ಟ್ ಸರ್ಮ್ಯಾಕ್ ರಸ್ತೆಯ 350ನೆಯ ನಂಬರಿನ ಭವನ ಡಾನಲಿ ಎಂಬ ಪ್ರಸಿದ್ಧ ಮುದ್ರಣ ಸಂಸ್ಥೆಗೆ ಸೇರಿತ್ತು. ವಾಸ್ತುಶಿಲ್ಪಿ ಹೋವರ್ಡ್ ವ್ಯಾನ್ ಡೋರನ್ ಷಾ ರೂಪಿಸಿದ ಈ ಭವನದ ನಿರ್ಮಾಣ 1912ರಲ್ಲಿ ಮೊದಲಾಗಿ, ಹಂತಹಂತವಾಗಿ 1929ಕ್ಕೆ ಮುಗಿಯಿತು. ಹೊರಗೋಡೆಯ ಮೇಲೆ ಹಳೆಯ ಕಾಲದ ಯುರೋಪಿಯನ್ ಮುದ್ರಕರ ಲಾಂಛನಗಳನ್ನು ಕೆತ್ತಿದ ಫಲಕಗಳಿವೆ. ಸಿಯರ್ಸ್ ಅಂಗಡಿಯ ದಪ್ಪ ದಪ್ಪ ಕೆಟಲಾಗುಗಳು, ಟೆಲಿಫೋನ್ ಡೈರೆಕ್ಟರಿಗಳು, ಲಕ್ಷಾಂತರ ಮನೆಗಳ ನಡುಕೋಣೆಯನ್ನು ಸೇರುತ್ತಿದ್ದ ‘ಲೈಫ್’ ವಾರಪತ್ರಿಕೆ, ಎಲ್ಲಕ್ಕೂ ಇದೇ ತೌರುಮನೆ. ಸಿಯರ್ಸ್ ತನ್ನ ದೊಡ್ಡ ಕೆಟಲಾಗನ್ನು 1993ರಲ್ಲಿ ನಿಲ್ಲಿಸಿದಾಗ ಅಚ್ಚುಕೂಟಕ್ಕೂ ಬೀಗ ಬಿದ್ದಿತು. 1999ರಿಂದಾಚೆಗೆ ಅದೇ ಭವನ ಗಣಕಗಳ ಬಿಡಾರವಾಯಿತು. ಅಚ್ಚಿನ ಯಂತ್ರಗಳ ಕುಲುಕಾಟವನ್ನು ತಡೆದ ಕಾಂಕ್ರೀಟು ನೆಲಕ್ಕೆ ಗಣಕದ ಕಪಾಟುಗಳು ಹೂವಿನಷ್ಟು ಹಗುರ. ಕಾಗದದ ಉರುಳೆಗಳನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುತ್ತಿದ್ದ ನೆಟ್ಟನೆಯ ಸುರಂಗಗಳಲ್ಲಿ ಈಗ ತಂತಿಗಳು ಇಳಿಬಿದ್ದಿವೆ. ತಂಪಿಗೆ ಸಮೀಪದಲ್ಲಿಯೇ 85 ಲಕ್ಷ ಗ್ಯಾಲನ್ನಿನ ಶೀತಲ ದ್ರವದ ತೊಟ್ಟಿಯುಂಟು. ವಿದ್ಯುತ್ತಿನ ಬಳಕೆ ನೂರು ಮೆಗಾವಾಟನ್ನು ಮೀರಿದೆ. ಅಕ್ಷರ ಅಚ್ಚಾಗುತ್ತಿದ್ದ ಮನೆಯಲ್ಲಿ ಇಂದಿಗೂ ಅಕ್ಷರಗಳೇ ಓಡಾಡುತ್ತಿವೆ, ಕಾಗದ ಮಾತ್ರ ಇಲ್ಲ.

ಫಿನ್ಲೆಂಡಿನ ಹಾಮಿನಾ ಪಟ್ಟಣದ ಕತೆಯೂ ಇಂಥದೇ. 2008ರಲ್ಲಿ ಮುಚ್ಚಿದ ಕಾಗದದ ಗಿರಣಿಯೊಂದನ್ನು ಗೂಗಲ್ ಸಂಸ್ಥೆ ಮರುವರ್ಷ ಸುಮಾರು 4 ಕೋಟಿ ಯೂರೋಗಳಿಗೆ ಕೊಂಡಿತು. ಗಿರಣಿಗೆ ಸಮುದ್ರದ ನೀರನ್ನು ತರುತ್ತಿದ್ದ ಕಲ್ಲಿನ ಸುರಂಗ ಕಟ್ಟಡದ ಜತೆಗೇ ದೊರೆತು, ಗಣಕಗಳಿಗೆ ಬಿಟ್ಟಿ ತಂಪನ್ನು ಒದಗಿಸಿತು. ಮಿಕ್ಕ ಶಾಖವನ್ನು ಊರಿನ ಮನೆಗಳನ್ನು ಬೆಚ್ಚಗಿಡಲು ಕೊಡುವ ಯೋಜನೆಯನ್ನು ಅದು 2024ರಲ್ಲಿ ಪ್ರಕಟಿಸಿತು.

ಮೆಂಫಿಸಿನ ಅದೃಷ್ಟ ಹಾಗಿರಲಿಲ್ಲ. ಅಲ್ಲಿ ಕಟ್ಟಡ ಸಿದ್ಧವಿತ್ತು, ನೆಲ ಗಟ್ಟಿಯಿತ್ತು. ವಿದ್ಯುತ್ ಮಾತ್ರ ಇರಲಿಲ್ಲ. ಮೊದಲಿಗೆ ಆ ನಿವೇಶನಕ್ಕೆ ದೊರೆಯುತ್ತಿದ್ದುದು ಕೇವಲ 8 ಮೆಗಾವಾಟ್. ಚಿಪ್ಪೊಂದಕ್ಕೆ 700 ವಾಟಿನಂತೆ ಲೆಕ್ಕ ಹಾಕಿದರೆ ಒಂದು ಲಕ್ಷ ಚಿಪ್ಪುಗಳಿಗೇ 70 ಮೆಗಾವಾಟ್ ಬೇಕು. ತಂಪಿನ ಏರ್ಪಾಟಿನ ಖರ್ಚು ಅದರ ಮೇಲೆ. ನಮ್ಮ ದಾಮೋದರ ಕಣಿವೆ ನಿಗಮಕ್ಕೆ ಮಾದರಿಯಾದ ಟೆನೆಸೀ ಕಣಿವೆ ಪ್ರಾಧಿಕಾರವು 150 ಮೆಗಾವಾಟಿಗೆ ಒಪ್ಪಿಗೆ ಕೊಟ್ಟದ್ದು 2024ರ ನವೆಂಬರಿನಲ್ಲಿ. ಒಕ್ಕಲು ಅಲ್ಲಿಯ ತನಕ ಕಾಯಲಿಲ್ಲ. ಲಾರಿಗಳ ಮೇಲೆ ಅನಿಲದ ಟರ್ಬೈನುಗಳನ್ನು ತರಿಸಿ ಅಂಗಳದಲ್ಲಿಯೇ ಉರಿಸತೊಡಗಿತು.

ಆ ಅಂಗಳದಿಂದ ಕೆಲವೇ ಮೈಲಿಗಳಲ್ಲಿ ಬಾಕ್ಸ್‌ಟೌನ್ ಎಂಬ ಕರಿಯರ ಬಡಾವಣೆಯಿದೆ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರು ರೈಲ್ವೆ ಡಬ್ಬಿಗಳ ಹಲಗೆಗಳಿಂದ ಗುಡಿಸಲು ಕಟ್ಟಿಕೊಂಡುದರಿಂದ ಆ ಹೆಸರು ಬಂದಿತಂತೆ. ಸುತ್ತಲೂ ಮೊದಲಿನಿಂದಲೇ ಕಾರ್ಖಾನೆಗಳ ಹೊಗೆಯುಂಡ ಜನ. 2021ರಲ್ಲಿ ತಮ್ಮ ನೆಲದಡಿ ಹಾಯಬೇಕಿದ್ದ ಎಣ್ಣೆಯ ಕೊಳವೆಮಾರ್ಗವನ್ನು ಹೋರಾಡಿ ನಿಲ್ಲಿಸಿದವರೂ ಇವರೇ. ಟರ್ಬೈನುಗಳು ಕಾರುವ ನೈಟ್ರೋಜನ್ ಆಕ್ಸೈಡುಗಳು ಉಸಿರಾಟಕ್ಕೆ ಕೇಡೆಂಬುದು ವೈದ್ಯರು ಬಲ್ಲ ಮಾತು. ಇವು ತಾತ್ಕಾಲಿಕ ಯಂತ್ರಗಳು, ಒಂದು ವರ್ಷದೊಳಗೆ ಪರವಾನಗಿಯ ಅಗತ್ಯವಿಲ್ಲ ಎಂಬುದು ಸಂಸ್ಥೆಯ ಕಡೆಯ ವಾದ. ಅಲ್ಲಿನ ಪರಿಸರ ಕಾನೂನು ಕೇಂದ್ರವೊಂದು 2025ರ ವಸಂತದಲ್ಲಿ ವಿಮಾನದಿಂದ ಚಿತ್ರ ತೆಗೆಯಿಸಿ ಎಣಿಸಿದಾಗ ಟರ್ಬೈನುಗಳು ಮೂವತ್ತೈದು. ಹದಿನೈದು ಮಾತ್ರ ನಡೆಯುತ್ತಿವೆ ಎಂದರು ನಗರದ ಮೇಯರು. ಕಾವನ್ನು ಗುರುತಿಸುವ ಕ್ಯಾಮರಾ ಮೂವತ್ತಮೂರು ಬಿಸಿಯಾಗಿರುವುದನ್ನು ತೋರಿಸಿತು!

2025ರ ಜುಲೈಯಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಹದಿನೈದು ಟರ್ಬೈನುಗಳಿಗೆ 2027ರ ಜನವರಿಯವರೆಗೆ ಪರವಾನಗಿ ನೀಡಿತು. ಅಷ್ಟರಲ್ಲಿ ಸಂಸ್ಥೆಯು ಮೆಂಫಿಸಿನಲ್ಲಿಯೇ ಹತ್ತು ಲಕ್ಷ ಚದರಡಿಯ ಇನ್ನೊಂದು ಹಳೆಯ ಉಗ್ರಾಣವನ್ನು ಕೊಂಡಾಗಿತ್ತು. ಅದಕ್ಕೆ ಬೇಕಾದ ವಿದ್ಯುತ್ತಿಗೆಂದು ಗಡಿಯಾಚೆಯ ಸೌತ್‌ಹೇವನ್ ಪಟ್ಟಣದಲ್ಲಿ, ಹಳೆಯ ವಿದ್ಯುದಾಗಾರವೊಂದರ ನಿವೇಶನದಲ್ಲಿ, ಟರ್ಬೈನುಗಳ ಹೊಸ ಸಾಲು ನಿಂತಿತು. ಉಗ್ರಾಣವಿರುವುದು ಟೆನೆಸೀ ಸಂಸ್ಥಾನದಲ್ಲಿ. ಟರ್ಬೈನುಗಳಿರುವುದು ಮಿಸಿಸಿಪ್ಪಿ ಸಂಸ್ಥಾನದಲ್ಲಿ.