ಕಿಲ್ಲೆಯ ಮಾವಳೆಗೆ ಗಾಳಿಯ ಬಣ್ಣ: ಏರ್‌ಬ್ರಷ್‌ಗಿಂತ ಮೊದಲು ಕಂಪ್ರೆಸರ್ ನೋಡಿ

ಮಂಗಳವೇಢೆ: ದೀಪಾವಳಿ ಹತ್ತಿರ ಬಂದಂತೆ ಸೋಲಾಪುರ ಜಿಲ್ಲೆಯ ಊರುಗಳಲ್ಲಿ ಮನೆಗಳ ಮುಂದೆ ಮಣ್ಣಿನ ಕಿಲ್ಲೆಗಳು ಏಳುತ್ತವೆ. ಕಲ್ಲು, ಗೋಣಿತಟ್ಟು, ಕಲಸಿದ ಮಣ್ಣಿನಿಂದ ಹುಡುಗರು ಕಟ್ಟುವ ಈ ಕಿಲ್ಲೆಯ ಮೇಲೆ ಸಾಸಿವೆ, ಅಳವಿ ಬೀಜ ಚೆಲ್ಲಿ ಹಸಿರು ಬರಿಸುತ್ತಾರೆ. ನೆತ್ತಿಯ ಮೇಲೆ ಸಿಂಹಾಸನದಲ್ಲಿ ಶಿವಾಜಿ ಮಹಾರಾಜರು, ಬುರುಜಿಗೊಬ್ಬ ಮಾವಳೆ. ಗಡಿಯ ಕನ್ನಡ ಮನೆಗಳಲ್ಲಿ ಅದೇ ಹಬ್ಬಕ್ಕೆ ಸಗಣಿಯ ಪಾಂಡವರೂ ಕೂರುತ್ತಾರೆ. ಪಾಂಡವರಿಗೆ ಚೆಂಡುಹೂ, ಉತ್ತರಾಣಿ ಕಡ್ಡಿ ಸಾಕು. ಮಾವಳೆಗೆ ಬಣ್ಣ ಬೇಕು.

ಮಂಗಳವೇಢೆಯ ಹುಡುಗರಿಗೆ ಕಿಲ್ಲೆ ಎಂದರೆ ದೂರದ ಮಾತಲ್ಲ. ಊರಿನಲ್ಲೇ ಭುಯಿಕೋಟ, ಅಂದರೆ ನೆಲಕೋಟೆ ಇದೆ. 1665ರ ಕೊನೆಯಲ್ಲಿ ಮಿರ್ಜಾ ರಾಜೆ ಜಯಸಿಂಹನ ಬಿಜಾಪುರ ದಂಡಯಾತ್ರೆಯ ಕಾಲಕ್ಕೆ ಶಿವಾಜಿ ಮಹಾರಾಜರು ಈ ಭಾಗಕ್ಕೆ ಬಂದಿದ್ದರು. 2025ರ ಜುಲೈನಲ್ಲಿ ರಾಯಗಡ, ಪ್ರತಾಪಗಡ, ಪನ್ಹಾಳಾ ಸೇರಿ ಮರಾಠರ 12 ಕೋಟೆಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅಂಗಳದ ಕಿಲ್ಲೆಯನ್ನು ಅಳತೆಗೆ ಸರಿಯಾಗಿ, ವರ್ಷಗಟ್ಟಲೆ ಇಡುವಂತೆ ಮಾಡಬೇಕೆಂಬ ಹವ್ಯಾಸ ಹಿಡಿದವರು ಮುಂದೆ ಕೇಳುವ ವಸ್ತು ಒಂದೇ: ಏರ್‌ಬ್ರಷ್. ಗಣಪತಿ ಕಾರಖಾನೆಗಳಲ್ಲಿ ಮೂರ್ತಿಯ ಕೆನ್ನೆ, ಸೊಂಡಿಲಿನ ಮೇಲೆ ಬಣ್ಣ ತಿಳಿಯಾಗಿ ಕರಗಿದಂತೆ ಕಾಣುವುದು ಇಂಥ ಗಾಳಿಯ ಸಿಂಪರಣೆಯಿಂದಲೇ.

ತಪ್ಪಾಗುವುದು ಖರೀದಿಯಲ್ಲಿ. ಇದ್ದ ದುಡ್ಡನ್ನೆಲ್ಲ ಹೊಳೆಯುವ ಏರ್‌ಬ್ರಷ್‌ಗೆ ಹಾಕಿ, ಗಾಳಿಗೆ ಸಿಕ್ಕಿದ್ದನ್ನು ಜೋಡಿಸುವವರೇ ಹೆಚ್ಚು. ಲೆಕ್ಕ ಉಲ್ಟಾ ಆಗಬೇಕು. ಸಾಧಾರಣ ಏರ್‌ಬ್ರಷ್ ಕೂಡ ಒಣ ಗಾಳಿ, ಸಮ ಒತ್ತಡ ಸಿಕ್ಕರೆ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿ ಕೆಟ್ಟಿದ್ದರೆ ಎಷ್ಟು ದುಬಾರಿ ಉಪಕರಣ ತಂದರೂ ಉಗುಳುವುದೇ.

ಏರ್‌ಬ್ರಷ್ ಪೆನ್ನಿನಷ್ಟು ದಪ್ಪದ ಸಣ್ಣ ಉಪಕರಣ. ಅದರೊಳಗೆ ಉದ್ದನೆಯ ಸೂಜಿ, ತುದಿಯಲ್ಲಿ ಸೂಜಿ ಕೂರುವ ನಾಝಲ್. ಗಾಳಿ ನಾಝಲ್ ಸುತ್ತ ರಭಸದಿಂದ ಹೊರಟಾಗ ಬಣ್ಣವನ್ನು ಎಳೆದು ಮಂಜಿನಂತೆ ಒಡೆಯುತ್ತದೆ. ಡಬಲ್ ಆ್ಯಕ್ಷನ್ ಮಾದರಿಯಲ್ಲಿ ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಎಷ್ಟು ಎಳೆದರೆ ಅಷ್ಟು ಬಣ್ಣ. ಮೇಲೆ ಬಟ್ಟಲು ಇರುವ, 0.3 ಮಿ.ಮೀ. ನಾಝಲ್‌ನ ಏರ್‌ಬ್ರಷ್ ಹೊಸಬರಿಗೆ ಸಾಕು. 0.2 ಮಿ.ಮೀ. ಸಣ್ಣ ಗೆರೆಗೆ ಒಳ್ಳೆಯದು, ಆದರೆ ಬೇಗ ಕಟ್ಟಿಕೊಳ್ಳುತ್ತದೆ. ಚಿನ್ನ, ಬೆಳ್ಳಿಯ ಬಣ್ಣಕ್ಕೂ ತಳದ ಬಣ್ಣಕ್ಕೂ 0.5 ಅನುಕೂಲ.

ಗಾಳಿಯ ಲೆಕ್ಕ

ಹವ್ಯಾಸಕ್ಕೆಂದು ಬರುವ ಚಿಕ್ಕ ಕಂಪ್ರೆಸರ್‌ಗಳು ಸಾಮಾನ್ಯವಾಗಿ ಎಣ್ಣೆ ಬೇಡದ ಪಿಸ್ಟನ್ ಜಾತಿಯವು. ಆರನೇ ಒಂದು ಅಶ್ವಶಕ್ತಿಯ, ಅಂದರೆ ಸುಮಾರು 125 ವ್ಯಾಟಿನ ಮೋಟಾರ್. ನಿಮಿಷಕ್ಕೆ 20 ಲೀಟರ್ ಆಸುಪಾಸು ಗಾಳಿ. ಇದರಲ್ಲಿ ಟ್ಯಾಂಕ್ ಇಲ್ಲದ್ದೂ ಇದೆ, 3 ಲೀಟರ್ ಟ್ಯಾಂಕ್ ಇರುವುದೂ ಇದೆ. ಟ್ಯಾಂಕ್ ಇರುವುದನ್ನೇ ಕೊಳ್ಳಬೇಕು. ಪಿಸ್ಟನ್ ಗಾಳಿಯನ್ನು ಮಿಡಿದು ಮಿಡಿದು ತಳ್ಳುತ್ತದೆ. ಟ್ಯಾಂಕ್ ಆ ಮಿಡಿತವನ್ನು ನುಂಗಿ ಸಮವಾಗಿ ಬಿಡುತ್ತದೆ. ಟ್ಯಾಂಕ್ ಇಲ್ಲದಿದ್ದರೆ ಆ ಮಿಡಿತ ಗೆರೆಯಲ್ಲೇ ಕಾಣುತ್ತದೆ. ಇಂಥ ಕಂಪ್ರೆಸರ್ ಸಾಮಾನ್ಯವಾಗಿ 4 ಬಾರ್ ಒತ್ತಡಕ್ಕೆ ತಾನೇ ನಿಂತು, 3 ಬಾರ್‌ಗೆ ಇಳಿದಾಗ ಮತ್ತೆ ಶುರುವಾಗುತ್ತದೆ. ಒಂದು ಬಾರ್ ಎಂದರೆ ಸುಮಾರು 14.5 ಪಿ.ಎಸ್.ಐ., ಪಂಕ್ಚರ್ ಅಂಗಡಿಯವರು ಹೇಳುವ 'ಪೌಂಡ್' ಅದೇ.

ಪಂಕ್ಚರ್ ಅಂಗಡಿಯ ದೊಡ್ಡ ಕಂಪ್ರೆಸರ್‌ನಿಂದಲೂ ಕೆಲಸ ಆಗುತ್ತದೆ. ಆದರೆ ಅದರ ಗಾಳಿಯಲ್ಲಿ ಎಣ್ಣೆ ಇರುತ್ತದೆ, ಸದ್ದು ಜೋರು, ಒತ್ತಡ ವಿಪರೀತ. ಒಳ್ಳೆಯ ಫಿಲ್ಟರ್, ರೆಗ್ಯುಲೇಟರ್ ಇಲ್ಲದೆ ಅದಕ್ಕೆ ಏರ್‌ಬ್ರಷ್ ಹಚ್ಚಬಾರದು. ಕಾರಿನ ಚಕ್ರಕ್ಕೆ ಗಾಳಿ ತುಂಬುವ 12 ವೋಲ್ಟಿನ ಡಬ್ಬಿ ಕೆಲವೇ ನಿಮಿಷದಲ್ಲಿ ಕಾಯ್ದು ಕೂರುತ್ತದೆ.

ಭಯಪಡಬೇಕಾದ್ದು ಮನೆಯಲ್ಲೇ ತಯಾರಾಗುವ ಕಂಪ್ರೆಸರ್‌ಗೆ. ಹಳೆಯ ಫ್ರಿಜ್‌ನ ಕಂಪ್ರೆಸರ್ ಬಿಚ್ಚಿ, ಗುಜರಿಯಲ್ಲಿ ಸಿಕ್ಕ ಸಿಲಿಂಡರ್‌ಗೆ ಪೈಪ್ ಬೆಸೆದು ಟ್ಯಾಂಕ್ ಮಾಡುವ ವಿಡಿಯೋಗಳು ಮೊಬೈಲ್‌ನಲ್ಲಿ ಸಿಗುತ್ತವೆ. ಸದ್ದಿಲ್ಲದೆ ಓಡುತ್ತದೆ, ಅಗ್ಗ ಎಂಬುದು ನಿಜ. ಆದರೆ ಫ್ರಿಜ್ ಕಂಪ್ರೆಸರ್‌ಗೆ ಎಲ್ಲಿ ನಿಲ್ಲಬೇಕೆಂದು ತಾನಾಗಿ ಗೊತ್ತಾಗುವುದಿಲ್ಲ. ಒತ್ತಡಕ್ಕೆ ನಿಲ್ಲಿಸುವ ಸ್ವಿಚ್ ಮತ್ತು ಸೇಫ್ಟಿ ವಾಲ್ವ್ ಇಲ್ಲದಿದ್ದರೆ ಅದು ತುಂಬುತ್ತಲೇ ಹೋಗುತ್ತದೆ. ಒಳಗೆ ತುಕ್ಕು ಹಿಡಿದ ಸಿಲಿಂಡರ್ ಹೊರಗಿನಿಂದ ಗಟ್ಟಿಯಾಗೇ ಕಾಣುತ್ತದೆ. ಒಡೆದಾಗ ತಗಡಿನ ಚೂರುಗಳು ಗುಂಡಿನಂತೆ ಹಾರುತ್ತವೆ. ಪಕ್ಕದಲ್ಲಿ ಕುಳಿತಿರುವುದು ಹುಡುಗರು. ನಾಲ್ಕು ಕಾಸು ಉಳಿಸುವ ಜಾಗ ಇದಲ್ಲ.

ಜೋಡಣೆಯ ಕ್ರಮ ಹೀಗೆ: ಟ್ಯಾಂಕ್, ಅದಕ್ಕೆ ರೆಗ್ಯುಲೇಟರ್ ಮತ್ತು ನೀರು ಹಿಡಿಯುವ ಗಾಜಿನಂಥ ಬಟ್ಟಲು, ಆಮೇಲೆ ಹೋಸ್, ಕೊನೆಗೆ ಏರ್‌ಬ್ರಷ್. ಗಾಳಿಯನ್ನು ಒತ್ತಿದಾಗ ಅದರೊಳಗಿನ ಆವಿ ನೀರಾಗುತ್ತದೆ. ಗಣಪತಿ ಕೆಲಸ ನಡೆಯುವುದು ಆಷಾಢ, ಶ್ರಾವಣದ ತಂಪಿನಲ್ಲಿ; ಆಗ ಟ್ಯಾಂಕ್‌ನ ತಳದಲ್ಲಿ ಇನ್ನೂ ಹೆಚ್ಚು ನೀರು ಕೂಡುತ್ತದೆ. ಬಣ್ಣದ ನಡುವೆ ಹನಿ ಬಿದ್ದು ಮುಖ ಕೆಟ್ಟರೆ ಕಾರಣ ಕೈಯಲ್ಲ, ಇದೇ ನೀರು. ಕೆಲಸ ಮುಗಿದ ಮೇಲೆ ಪ್ರತಿದಿನ ಟ್ಯಾಂಕ್ ಕೆಳಗಿನ ತಿರುಪು ಸಡಿಲಿಸಿ ನೀರು ಬಿಡಬೇಕು. ಜೋಡಣೆಗಳಿಗೆ ಟೆಫ್ಲಾನ್ ಟೇಪ್ ಸುತ್ತಿ, ಸಾಬೂನು ನೀರು ಹಚ್ಚಿ ನೋಡಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ.

ಹಳ್ಳಿಗಳಿಗೆ ಇನ್ನೊಂದು ಮಾತು. ಕರೆಂಟು ಹೋಗಿ ಬಂದಾಗ ಕಂಪ್ರೆಸರ್ 'ಗುಂಯ್' ಎಂದು ಗುನುಗಿ ತಿರುಗದೆ ನಿಲ್ಲುವುದುಂಟು. ಸರಿಯಾಗಿ ನಿಂತಾಗ ಸ್ವಿಚ್ 'ಫುಸ್' ಎಂದು ಪಂಪಿನ ಕೊಳವೆಯ ಗಾಳಿಯನ್ನು ಹೊರಗೆ ಬಿಡುತ್ತದೆ. ಓಡುತ್ತಿರುವಾಗಲೇ ಕರೆಂಟು ಹೋದರೆ ಆ ಗಾಳಿ ಉಳಿಯುತ್ತದೆ. ಮತ್ತೆ ಶುರುವಾಗುವಾಗ ಮೋಟಾರ್ ಅದನ್ನು ತಳ್ಳಬೇಕು. ವೋಲ್ಟೇಜ್ ಕಡಿಮೆ ಇದ್ದರೆ ತಳ್ಳಲಾಗದೆ ಸುರುಳಿ ಸುಡುತ್ತದೆ. ಕರೆಂಟು ಹೋದ ಕೂಡಲೇ ಸ್ವಿಚ್ ಬಂದ್ ಮಾಡಿ, ಟ್ಯಾಂಕ್ ಗಾಳಿ ಸ್ವಲ್ಪ ಇಳಿಸಿ ಮತ್ತೆ ಹಚ್ಚಿದರೆ ಮೋಟಾರ್ ಉಳಿಯುತ್ತದೆ.

ಬಣ್ಣ ಎಷ್ಟು ತೆಳುವು?

ಹಾಲಿನಷ್ಟು. ಬಟ್ಟಲಿನ ಗೋಡೆಗೆ ಹಚ್ಚಿದರೆ ಹಾಲಿನಂತೆ ಪದರ ಬಿಟ್ಟು ಇಳಿಯಬೇಕು. ಚಹಾ ಸೋಸುವ ಜಾಲರಿ ಸಾಲದು. ಹಳೆಯ ನೈಲಾನ್ ಕಾಲುಚೀಲದಲ್ಲಿ ಸೋಸಬೇಕು. ನೀರಿನ ಅಕ್ರಿಲಿಕ್ ಬಣ್ಣಕ್ಕೆ 15ರಿಂದ 20 ಪಿ.ಎಸ್.ಐ., ತಳದ ಬಣ್ಣಕ್ಕೆ ಇನ್ನೂ ಸ್ವಲ್ಪ ಹೆಚ್ಚು. ಒತ್ತಡವನ್ನು ಗಾಳಿ ಬಿಡುತ್ತಿರುವಾಗ ನೋಡಬೇಕು. ನಿಂತಾಗ ಮುಳ್ಳು ಹೆಚ್ಚು ತೋರಿಸುತ್ತದೆ. ಬಣ್ಣ ಜೇಡರಬಲೆಯಂತೆ ಹರಡಿದರೆ ಅದು ತೀರಾ ತೆಳುವಾಗಿದೆ ಇಲ್ಲವೆ ಕೈ ತೀರಾ ಹತ್ತಿರವಿದೆ. ಕಿತ್ತಳೆ ಸಿಪ್ಪೆಯಂತೆ ಒರಟಾದರೆ ಬಣ್ಣ ದಪ್ಪ. ಸೋಲಾಪುರದ 40 ಡಿಗ್ರಿ ಬೇಸಿಗೆಯಲ್ಲಿ ಸೂಜಿಯ ತುದಿಯಲ್ಲೇ ಬಣ್ಣ ಒಣಗುತ್ತದೆ, ಆಗ ಒಣಗುವುದನ್ನು ತಡೆಯುವ ರಿಟಾರ್ಡರ್ ಕೆಲವು ಹನಿ ಬೆರೆಸಬೇಕು. ಪ್ಲಾಸ್ಟರ್ ಗೊಂಬೆ ಬಣ್ಣ ಕುಡಿಯುತ್ತದೆ. ಪೂರ್ತಿ ಒಣಗಿಸಿ ಪ್ರೈಮರ್ ಹೊಡೆದ ಮೇಲೆಯೇ ಬಣ್ಣ.

ಬಣ್ಣ ಬದಲಿಸುವಾಗೆಲ್ಲ ಬಟ್ಟಲಿಗೆ ನೀರು ಹಾಕಿ ಹೊಡೆಯಬೇಕು. ನಾಝಲ್ ಬಾಯಿಯನ್ನು ಬಟ್ಟೆಯಿಂದ ಮೆಲ್ಲಗೆ ಮುಚ್ಚಿ ಗಾಳಿ ಬಿಟ್ಟರೆ ಗಾಳಿ ಹಿಂದಕ್ಕೆ ಬಂದು ಬಟ್ಟಲಿನಲ್ಲಿ ಗುಳ್ಳೆ ಏಳುತ್ತದೆ, ಒಳಗಿನ ಕಸ ಸಡಿಲಾಗುತ್ತದೆ. ನಾಝಲ್‌ಗೆ ಗುಂಡುಸೂಜಿ ಚುಚ್ಚಿದರೆ ಅದರ ಕಥೆ ಮುಗಿಯಿತು.

ಇನ್ನು ಉಸಿರಿನ ವಿಷಯ. ಕುಂಚದ ಬಣ್ಣ ಗೊಂಬೆಯ ಮೇಲೆ ಉಳಿಯುತ್ತದೆ, ಏರ್‌ಬ್ರಷ್‌ನ ಬಣ್ಣದಲ್ಲಿ ಒಂದು ಪಾಲು ಕೋಣೆಯಲ್ಲಿ ತೇಲುತ್ತದೆ, ಪುಪ್ಪುಸಕ್ಕೆ ಇಳಿಯುತ್ತದೆ. ನೀರಿನ ಬಣ್ಣ ಎಂದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಮಂಜಿನ ಕಣಕ್ಕೆ ಎನ್-95 ಮಾಸ್ಕ್ ಸಾಕಾದೀತು, ಎನ್.ಸಿ. ಥಿನ್ನರ್‌ನ ಆವಿಗೆ ಅದು ಏನೂ ಮಾಡದು, ಇದ್ದಿಲು ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕಾರಿಗೆ ಹೊಡೆಯುವ, ಗಟ್ಟಿಕಾರಕ ಬೆರೆಸುವ ಪಿ.ಯು. ಬಣ್ಣದಲ್ಲಿ ಐಸೊಸಯನೇಟ್ ಇರುತ್ತದೆ, ಅದು ಉಬ್ಬಸ ತರಿಸಬಲ್ಲದು. ಮನೆಯೊಳಗೆ ಅದು ಬೇಡವೇ ಬೇಡ. ಥಿನ್ನರ್ ಹೊಡೆಯುವಲ್ಲಿ ಪಣತಿ, ಊದುಬತ್ತಿ, ಒಲೆ ಇರಕೂಡದು. ಕಂಪ್ರೆಸರ್ ಸ್ವಿಚ್‌ನ ಕಿಡಿಯೂ ಸಾಕು. ಉದ್ದದ ಹೋಸ್ ಹಾಕಿ ಕಂಪ್ರೆಸರ್ ದೂರವಿಡುವುದು ಅದಕ್ಕೇ. ರಟ್ಟಿನ ಪೆಟ್ಟಿಗೆಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ ಮಾಡುವ ಗೂಡು ನೀರಿನ ಬಣ್ಣಕ್ಕೆ ಮಾತ್ರ ಸರಿ.

ಹಳದಿ, ಕಿತ್ತಳೆ, ಕೆಂಪು ಬಣ್ಣ ಕೊಳ್ಳುವಾಗ ಡಬ್ಬಿ ಓದಬೇಕು. ಮನೆ ಹಾಗೂ ಅಲಂಕಾರಿಕ ಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. ಮೀರಬಾರದೆಂಬ ಕೇಂದ್ರದ 2016ರ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ, ಆದರೆ ಕಾರಖಾನೆ ಬಳಕೆಯ ಬಣ್ಣಕ್ಕೆ ಅದು ಅನ್ವಯಿಸುವುದಿಲ್ಲ. ಬಿಡಿಯಾಗಿ, ಹೆಸರಿಲ್ಲದ ಡಬ್ಬಿಯಲ್ಲಿ ಮಾರುವ ಕೇಸರಿ ಬಣ್ಣ ಯಾವ ಜಾತಿಯದೆಂದು ನೋಡಿದರೆ ತಿಳಿಯದು. ಕಿಲ್ಲೆಯ ಭಗವಾ ಝೆಂಡಾಕ್ಕೆ ಬೇಕಾದದ್ದು ಇದೇ ಬಣ್ಣ. ಅದನ್ನು ಹಿಡಿದು ಆಡುವುದೂ ಮಕ್ಕಳೇ.

ಮೊದಲ ಎರಡು ದಿನ ಗೊಂಬೆ ಮುಟ್ಟಬಾರದು. ಬಟ್ಟಲಿಗೆ ತೆಳು ಬಣ್ಣ ಹಾಕಿ ಹಳೆಯ ಪೇಪರ್ ಮೇಲೆ ಚುಕ್ಕಿ, ಗೆರೆ, ರಂಗೋಲಿ ಹಾಕಿ ಕೈ ಕೂರಿಸಿಕೊಳ್ಳಬೇಕು. ಕೈ ಚಲಿಸಿದ ಮೇಲೆ ಬಣ್ಣ ಬಿಡಬೇಕು, ಬಣ್ಣ ನಿಂತ ಮೇಲೆ ಕೈ ನಿಲ್ಲಿಸಬೇಕು. ಹಬ್ಬ ಮುಗಿದು ಕಂಪ್ರೆಸರ್ ಅಟ್ಟಕ್ಕೆ ಏರಿಸುವಾಗ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕೆಳಗಿನ ತಿರುಪನ್ನು ತೆರೆದೇ ಇಟ್ಟಿರಬೇಕು.