ಒಂದನೆಯ ತರಗತಿಯ ಮೇಷ್ಟ್ರಾಗಲು ಏನು ಓದಿರಬೇಕು?

“ಮಗಳು ಬಿ.ಎ. ಮಾಡಿ ಬಿ.ಎಡ್. ಕೂಡ ಮುಗಿಸಿದ್ದಾಳೆ, ಆದರೂ ನಮ್ಮೂರ ಶಾಲೆಯ ಒಂದನೆಯ ತರಗತಿಗೆ ಪಾಠ ಹೇಳಲು ಅವಳು ಅರ್ಹಳಲ್ಲವಂತೆ. ಇದೆಂಥ ನ್ಯಾಯ, ಸ್ವಾಮಿ?” ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರು ಹೋಬಳಿಯ ಕಡೆ ಹೋದಾಗಲೆಲ್ಲ ಇಂಥ ಪ್ರಶ್ನೆ ಉಪಾಧ್ಯಾಯರ ಕಿವಿಗೆ ಬೀಳುತ್ತದೆ. ಪೇಟೆಯ ಮನೆಗಳಲ್ಲಿಯೂ ಇದೇ ಮಾತು. ಇದರ ಬೆನ್ನಿಗೆ ಇನ್ನೊಂದು ಕಳವಳವೂ ಈಗ ಬಂದಿದೆ: ಇಪ್ಪತ್ತು ಇಪ್ಪತ್ತೈದು ವರ್ಷ ಮಕ್ಕಳಿಗೆ ಪರೀಕ್ಷೆ ಕೊಟ್ಟವರು ತಾವೇ ಪರೀಕ್ಷೆಗೆ ಕೂಡಬೇಕೆಂಬುದು.

ಮೊದಲು ಕಾಯಿದೆಯ ಮಾತು. ಊರಿನ ಕೂಲಿಮಠದ ಅಯ್ಯನವರಿಗೆ ಯಾರೂ ಪ್ರಮಾಣಪತ್ರ ಕೇಳಲಿಲ್ಲ. ಲೋಯರ್ ಸೆಕೆಂಡರಿ ಮುಗಿಸಿ ಮೇಷ್ಟ್ರಾದವರು ನಮ್ಮ ಅಜ್ಜಂದಿರ ಕಾಲದಲ್ಲಿದ್ದರು. ಅನಂತರ ಟಿ.ಸಿ.ಎಚ್. ಬಂತು, ಅದು ಡಿ.ಎಡ್. ಆಯಿತು, ಈಗ ಅದರ ಹೆಸರು ಡಿ.ಎಲ್.ಎಡ್. ಹೆಸರು ಬದಲಾದರೂ ವ್ಯಾಸಂಗದ ತಿರುಳು ಒಂದೇ: ಚಿಕ್ಕ ಮಕ್ಕಳಿಗೆ ಕಲಿಸುವ ಎರಡು ವರ್ಷದ ತರಬೇತು. ಶಿಕ್ಷಣ ಹಕ್ಕಿನ ಕಾಯಿದೆ 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಮೇಲೆ, ಒಂದರಿಂದ ಎಂಟನೆಯ ತರಗತಿಯವರೆಗಿನ ಉಪಾಧ್ಯಾಯರ ವಿದ್ಯಾರ್ಹತೆ ದೇಶಕ್ಕೆಲ್ಲ ಒಂದೇ ಆಯಿತು. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು ಅದೇ ವರ್ಷ ಆಗಸ್ಟ್ 23ರಂದು ಹೊರಡಿಸಿದ ಪ್ರಕಟಣೆಯಂತೆ, ಒಂದರಿಂದ ಐದನೆಯ ತರಗತಿಗೆ ಸಾಮಾನ್ಯವಾದ ದಾರಿಯೆಂದರೆ ಪಿ.ಯು.ಸಿ.ಯಲ್ಲಿ ಶೇಕಡ 50 ಅಂಕ, ಜೊತೆಗೆ ಡಿ.ಎಲ್.ಎಡ್. ಆರರಿಂದ ಎಂಟಕ್ಕೆ ಪದವಿ ಬೇಕು, ಅದರೊಡನೆ ಡಿ.ಎಲ್.ಎಡ್. ಇದ್ದರೂ ಆಯಿತು, ಬಿ.ಎಡ್. ಇದ್ದರೂ ಆಯಿತು. ಎರಡು ಕಡೆಯೂ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿ.ಇ.ಟಿ., ಪಾಸಾಗಿರಲೇಬೇಕು.

ಹಾಗಾದರೆ ಬಿ.ಎಡ್. ಆದವರು ಒಂದನೆಯ ತರಗತಿಗೆ ಸಲ್ಲುವರೆಂಬ ನಂಬಿಕೆ ಎಲ್ಲಿಂದ ಬಂತು? ಅದು ಸುಳ್ಳು ಸುದ್ದಿಯೇನಲ್ಲ. ಪರಿಷತ್ತು 2018ರ ಜೂನ್ 28ರಂದು ಇನ್ನೊಂದು ಪ್ರಕಟಣೆಯನ್ನು ಹೊರಡಿಸಿ, ನೇಮಕವಾದ ಮೇಲೆ ಆರು ತಿಂಗಳ ಸೇತು ಶಿಕ್ಷಣ ಪಡೆಯಬೇಕೆಂಬ ಷರತ್ತಿನ ಮೇಲೆ ಬಿ.ಎಡ್. ಪದವೀಧರರಿಗೂ ಆ ಬಾಗಿಲನ್ನು ತೆರೆದಿತ್ತು. ಸರ್ವೋಚ್ಚ ನ್ಯಾಯಾಲಯ 2023ರ ಆಗಸ್ಟ್ 11ರಂದು ಆ ಬಾಗಿಲನ್ನು ಮುಚ್ಚಿತು.

ಹೆಚ್ಚು ಓದಿದವರು ಕಡಮೆ ತರಗತಿಗೆ ಬೇಡವೇ ಎಂದು ಕೇಳುವವರು “ಕಡಮೆ ತರಗತಿ” ಎಂಬ ಮಾತನ್ನೇ ಒಮ್ಮೆ ತೂಗಿ ನೋಡಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಾಲು ‘ಆಲು’ ಆಗಿರುತ್ತದೆ, ಹಸು ‘ಅಸು’ ಆಗಿರುತ್ತದೆ. ಆ ಮನೆಯ ಮಗು ಪಾಟಿಯ ಮೇಲೆ ‘ಆಲು’ ಎಂದು ಬರೆದರೆ ಅದು ದಡ್ಡತನವಲ್ಲ. ಕೇಳಿದ ಧ್ವನಿಗೆ ಸರಿಯಾದ ಅಕ್ಷರವನ್ನೇ ಅದು ಹುಡುಕಿದೆ. ಅರ್ಧ ಗೆದ್ದಿರುವ ಆ ಮಗುವನ್ನು ತರಗತಿಯಲ್ಲಿ ನಗೆಪಾಟಲು ಮಾಡಿದರೆ ಅದು ಮತ್ತೆ ಬಾಯಿ ಬಿಡುವುದಿಲ್ಲ. ಅರ್ಕಾವತ್ತಿನ ತೊಡಕನ್ನೂ ನೋಡಿ. ‘ಸೂರ್ಯ’ ಎನ್ನುವಾಗ ಬಾಯಲ್ಲಿ ಮೊದಲು ಬರುವ ರಕಾರ, ಅರ್ಕಾವತ್ತು ಹಾಕಿ ಬರೆದಾಗ ಯಕಾರದ ಹಿಂದೆ ಹೋಗಿ ನಿಲ್ಲುತ್ತದೆ. ಕೇಶಿರಾಜನ ಸೂತ್ರಗಳೆಲ್ಲ ಕಂಠಪಾಠವಾಗಿರುವ ಪಂಡಿತನಿಗೂ ಇದನ್ನು ಏಳು ವರ್ಷದ ಮಗುವಿಗೆ ತಿಳಿಸುವ ಉಪಾಯ ತಾನಾಗಿ ಹೊಳೆಯುವುದಿಲ್ಲ. ಪ್ರೌಢಶಾಲೆಯಲ್ಲಿ ಹಳಗನ್ನಡ ಹೇಳುವ ನನ್ನಂಥವರ ತರಬೇತಿನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಹಳ್ಳಿಯ ಶಾಲೆಯ ಸ್ಥಿತಿಯೂ ಇದಕ್ಕೆ ಸೇರಬೇಕು. ಕಾಯಿದೆಯ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರೇ ಉಪಾಧ್ಯಾಯರು. ಐದು ತರಗತಿ, ಇಬ್ಬರು ಮೇಷ್ಟ್ರು! 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿ ನಾಡಿಗೆಲ್ಲ ಹರಡಿದ ‘ನಲಿಕಲಿ’ ಪದ್ಧತಿಯಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ತಮ್ಮ ತಮ್ಮ ಮಟ್ಟದ ಕಾರ್ಡುಗಳನ್ನು ಹಿಡಿದು ಕಲಿಯುತ್ತಾರೆ. ಆ ಗದ್ದಲದಲ್ಲಿ ಯಾವ ಮಗು ಎಲ್ಲಿ ನಿಂತಿದೆಯೆಂದು ಗುರುತಿಸುವುದು ಪದವಿಯಿಂದ ಬರುವ ವಿದ್ಯೆಯಲ್ಲ. ಆದುದರಿಂದ ನ್ಯಾಯಾಲಯದ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಬಿ.ಎಡ್. ಮುಗಿಸಿದ ಮಗಳಿಗೆ ಆರರಿಂದ ಮೇಲಿನ ದಾರಿ ತೆರೆದೇ ಇದೆ. 2022ರಲ್ಲಿ ಆರರಿಂದ ಎಂಟಕ್ಕೆಂದು 15,000 ಪದವೀಧರ ಶಿಕ್ಷಕರ ಹುದ್ದೆಗಳಿಗೆ ನೇಮಕ ನಡೆದಾಗ ಆಯ್ಕೆಯ ಪಟ್ಟಿಗೆ ಬಂದವರು 13 ಸಾವಿರ ಚಿಲ್ಲರೆ ಮಂದಿ ಮಾತ್ರ.

ಟಿ.ಇ.ಟಿ.ಯನ್ನು ಕಂಡು ಹೆದರುವವರು ಬಹಳ. ಒಂದೊಂದು ಪತ್ರಿಕೆಗೂ 150 ಪ್ರಶ್ನೆ, 150 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದರಿಂದ ಐದರವರಿಗೆ ಮೊದಲ ಪತ್ರಿಕೆ: ಶಿಶು ವಿಕಾಸ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ತಲಾ 30. ಆರರಿಂದ ಎಂಟರವರಿಗೆ ಎರಡನೆಯ ಪತ್ರಿಕೆ. ಅದರಲ್ಲಿ ಗಣಿತ ವಿಜ್ಞಾನಕ್ಕೋ ಸಮಾಜ ವಿಜ್ಞಾನಕ್ಕೋ 60. ಶೇಕಡ 60 ಬಂದರೆ ಉತ್ತೀರ್ಣ; ನಮ್ಮ ರಾಜ್ಯದಲ್ಲಿ ಪರಿಶಿಷ್ಟರಿಗೂ ಪ್ರವರ್ಗ ಒಂದರವರಿಗೂ ಅಂಗವಿಕಲರಿಗೂ 55 ಸಾಕು. ಮೊದಲು ಏಳು ವರ್ಷಕ್ಕೆ ಮುಗಿಯುತ್ತಿದ್ದ ಈ ಪ್ರಮಾಣಪತ್ರವನ್ನು 2021ರಲ್ಲಿ ಆಜೀವ ಮಾನ್ಯ ಮಾಡಿದರು. 2011ರಿಂದ ಪಾಸಾದವರಿಗೆಲ್ಲ ಅದರ ಪ್ರಯೋಜನ ಸಿಕ್ಕಿದೆ. ಪಾಸಾದೊಡನೆ ಕೆಲಸ ಸಿಕ್ಕಿತೆಂದು ಮಾತ್ರ ತಿಳಿಯಬಾರದು. ನೇಮಕದ ಪರೀಕ್ಷೆ ಬೇರೆ.

ತರಗತಿಯಲ್ಲಿ ಮೇಷ್ಟ್ರಿಗೆ ನೆರವಾಗುವ ಸಹಾಯಕರಿಗೆ ಕೆಲವು ದೇಶಗಳಲ್ಲಿ ಪ್ರತ್ಯೇಕ ಹುದ್ದೆಯೇ ಉಂಟು. ನಮ್ಮ ಪ್ರಾಥಮಿಕ ಶಾಲೆಯಲ್ಲಿ ಅದಿಲ್ಲ. ಅತಿಥಿ ಶಿಕ್ಷಕರು ಸಹಾಯಕರಲ್ಲ; ಖಾಲಿ ಹುದ್ದೆಯ ಪೂರ್ತಿ ಹೊರೆಯನ್ನು ಆ ವರ್ಷದ ಮಟ್ಟಿಗೆ, ಗೌರವಧನಕ್ಕೆ ಹೊರುವವರು. ಸಹಾಯಕರೆಂದು ನಿಜವಾಗಿ ಕರೆಯಬಹುದಾದವರು ಅಂಗನವಾಡಿಯಲ್ಲಿದ್ದಾರೆ. ಕೇಂದ್ರದ 2022ರ ಮಾರ್ಗಸೂಚಿಯನ್ನು ಅನುಸರಿಸಿ ಕಾರ್ಯಕರ್ತೆಗೆ ಪಿ.ಯು.ಸಿ., ಸಹಾಯಕಿಗೆ ಎಸ್.ಎಸ್.ಎಲ್.ಸಿ. ಕೇಳುತ್ತಾರೆ, ಸ್ಥಳೀಯಳಾಗಿರಬೇಕೆಂಬ ನಿಯಮವೂ ಇದೆ. ಅಳುವ ಮಗುವನ್ನು ಮನೆಮಾತಿನಲ್ಲಿ ಸಮಾಧಾನ ಮಾಡಬಲ್ಲ ಹೆಂಗಸು ಬೇಕಾದ ಜಾಗಕ್ಕೆ ಇದು ಒಳ್ಳೆಯ ನಿಯಮವೇ.

ಇನ್ನು ಹಳಬರ ವಿಷಯ. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪಿನಂತೆ, ಕಾಯಿದೆ ಬರುವುದಕ್ಕೆ ಮುಂಚೆ ಸೇರಿದ ಉಪಾಧ್ಯಾಯರಿಗೂ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ ಎರಡು ವರ್ಷದೊಳಗೆ ಟಿ.ಇ.ಟಿ. ಪಾಸಾಗುವ ಹೊಣೆ ಬಿತ್ತು. ಆಗದಿದ್ದರೆ ಸಲ್ಲಬೇಕಾದ ನಿವೃತ್ತಿ ಸೌಲಭ್ಯ ಪಡೆದು ಹೊರನಡೆಯಬೇಕು. ಐದಕ್ಕಿಂತ ಕಡಮೆ ಉಳಿದವರು ಪರೀಕ್ಷೆಯಿಲ್ಲದೆ ಮುಂದುವರಿಯಬಹುದು, ಬಡ್ತಿ ಮಾತ್ರ ಸಿಗದು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿದರು. ನಮ್ಮಲ್ಲಿ ನಿವೃತ್ತಿ ಅರವತ್ತಕ್ಕೆ; ಹಾಗಾಗಿ ಅಂದು ಐವತ್ತೈದು ದಾಟಿದ್ದವರು ಉಳಿದರು, ಐವತ್ತನಾಲ್ಕರವರು ಸಿಕ್ಕಿಕೊಂಡರು.

ಇಲ್ಲಿ ನನ್ನ ಮನಸ್ಸು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಬಾಗಿಲಲ್ಲಿ ಪರೀಕ್ಷೆ ಇರಲಿ. ಮೂವತ್ತು ವರ್ಷ ಒಳಗೆ ಕುಳಿತವರನ್ನು ಎಬ್ಬಿಸಿ ಬಾಗಿಲಿಗೆ ಕಳಿಸುವುದು ಬೇರೆ ಮಾತು. ಆದರೆ ಹೋರಾಟ, ಮನವಿ ಎಂದು ಕಾಯುತ್ತ ಪುಸ್ತಕ ಮುಟ್ಟದೆ ಕೂಡುವುದೂ ವಿವೇಕವಲ್ಲ. ಮೊದಲ ಪತ್ರಿಕೆಯ ಭಾಷೆ, ಪರಿಸರ, ಗಣಿತಗಳು ದಿನವೂ ಕಲಿಸುವ ವಿಷಯಗಳೇ; ತೊಡಕಾಗುವುದು ಶಿಶು ವಿಕಾಸದ 30 ಪ್ರಶ್ನೆಗಳು, ಏಕೆಂದರೆ ಅಲ್ಲಿನ ಪರಿಭಾಷೆ ಇವರು ಓದಿದ ಕಾಲದ್ದಲ್ಲ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಇರುವುದೇ ಇಂಥ ಕೆಲಸಕ್ಕೆ. ಅವು ಬೇಸಗೆ ರಜೆಯಲ್ಲಿ ಹೋಬಳಿಗೊಂದರಂತೆ ಹದಿನೈದು ದಿನದ ತರಗತಿ ನಡೆಸಿದರೆ ಹಿರೇಗುಂಟನೂರಿನ ಮೇಷ್ಟ್ರು ಅದಕ್ಕಾಗಿ ದುರ್ಗಕ್ಕೆ ಬಸ್ಸು ಹತ್ತಬೇಕಾಗಿಲ್ಲ.